ಮೂಲೆ ಬಿಟ್ಟೆದ್ದ ಗುಡ್ಡದ ಸೈಕಲ್ಲು

ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರವನ್ನು ಬೆಂಗಳೂರಿಗರು ಬಲ್ಲುದು ಅಲ್ಲಿನ ನರ್ಸರಿಗಳಿಂದ. ಗುಲಾಬಿಯ ಸಸಿ, ಮಾವಿನ ಕಸಿಗಿಡ, ತುಳಸಿಯ ಕುಂಡ, ಏನು ಬೇಕಾದರೂ ಅಲ್ಲಿ ದೊರೆಯುತ್ತದೆ. ಆದರೆ ಆ ಬೀದಿಗಳ ಹಿಂದಿನ ಮನೆಗಳಲ್ಲಿ, ಅಲ್ಲಿಂದ ಕೂಗಳತೆಯಲ್ಲಿರುವ ಜಯನಗರದ ಮನೆಗಳಲ್ಲಿ, ಮಾರಾಟಕ್ಕಿಲ್ಲದ ವಸ್ತುವೊಂದು ಮಹಡಿ ಮೆಟ್ಟಿಲ ಕೆಳಗೆ ನಿಂತಿರುವುದುಂಟು. ದಪ್ಪ ಟೈರು, ಅಗಲವಾದ ಹ್ಯಾಂಡಲು, ಮುಂದಿನ ಚಕ್ರದ ಮೇಲೆ ಸ್ಪ್ರಿಂಗಿನ ಕವಲು. ಅದರ ಸೀಟಿನ ಮೇಲೆ ಹಳೆಯ ಪತ್ರಿಕೆಗಳ ಕಟ್ಟು, ಹ್ಯಾಂಡಲಿಗೆ ತರಕಾರಿಯ ಚೀಲ. ಒಂದು ಕಾಲದಲ್ಲಿ ಗುಡ್ಡ ಹತ್ತಿದ ವಾಹನ ಈಗ ಗೂಟದ ಕೆಲಸ ಮಾಡುತ್ತಿದೆ.

ಅದು ಮೂಲೆ ಸೇರಿದ ಕಥೆ ಎಲ್ಲ ಮನೆಗಳಲ್ಲೂ ಹೆಚ್ಚುಕಡಮೆ ಒಂದೇ. ಮದುವೆ, ಮಕ್ಕಳ ಶಾಲೆ, ಬಡ್ತಿಯೊಡನೆ ಬಂದ ಹೊತ್ತುಗೊತ್ತಿಲ್ಲದ ಕೆಲಸ, ಹಿರಿಯರ ಕಾಯಿಲೆ. ಒಂದು ಭಾನುವಾರ ಸವಾರಿ ತಪ್ಪಿತು, ಮರುವಾರ ಮಳೆ ಬಂತು, ಮೂರನೆಯ ವಾರ ನೆಂಟರು ಬಂದರು. "ಇಂದಿನಿಂದ ಬಿಟ್ಟೆ" ಎಂದು ನಿಶ್ಚಯಿಸಿ ಸೈಕಲ್ಲು ಬಿಟ್ಟವರು ಅಪರೂಪ. ಹಾಗೆಯೇ, ಮರಳಿ ಹಿಡಿಯುವುದಕ್ಕೂ ದೊಡ್ಡ ಕಾರಣ ಬೇಕಾಗುವುದಿಲ್ಲ. ರಕ್ತಪರೀಕ್ಷೆಯ ಕಾಗದದಲ್ಲಿ ಸಕ್ಕರೆಯ ಅಂಕಿ ಗೆರೆ ದಾಟಿರುತ್ತದೆ, ಅಥವಾ ಹತ್ತು ವರ್ಷದ ಮಗ, "ಅಪ್ಪಾ, ಈ ಸೈಕಲ್ ಯಾರದು?" ಎಂದು ಕೇಳಿಬಿಡುತ್ತಾನೆ.

ನಲವತ್ತು ದಾಟಿದ ಗೃಹಸ್ಥರೊಬ್ಬರು, ಅಥವಾ ಗೃಹಿಣಿಯೊಬ್ಬರು, ಎಂಟು ಹತ್ತು ವರ್ಷಗಳ ಮೇಲೆ ಮತ್ತೆ ಗುಡ್ಡದ ಸೈಕಲ್ಲನ್ನು ಏರಬಹುದೇ? ಧಾರಾಳವಾಗಿ ಏರಬಹುದು. ಆದರೆ ಏರುವ ಕ್ರಮವೊಂದಿದೆ. ಅದನ್ನರಿಯದೆ ಹೊರಟು ಮೊದಲ ತಿಂಗಳಲ್ಲೇ ಮೊಣಕಾಲು ಹಿಡಿದುಕೊಂಡು ಕುಳಿತರೆ ಸೈಕಲ್ಲು ಮತ್ತೆ ಮೂಲೆ ಸೇರುತ್ತದೆ. ಎರಡನೆಯ ಸಲ ಅದು ಹೊರಬರುವುದು ಕಷ್ಟ.

ಹಳೆಯ ಸೈಕಲ್ಲಿನಿಂದಲೇ ಹುಟ್ಟಿದ ಆಟ

ಮೂಲೆ ಸೇರಿದ ಸೈಕಲ್ಲನ್ನು ಹೊರತೆಗೆಯಲು ಸಂಕೋಚಪಡುವವರು ಈ ಆಟದ ಹುಟ್ಟನ್ನು ನೆನೆಯಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಕೌಂಟಿ ಎಂಬ ಗುಡ್ಡಗಾಡು ಪ್ರದೇಶವಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು, ಜನ ಬಿಸಾಡಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು, ಮಣ್ಣಿನ ಇಳಿಜಾರುಗಳಲ್ಲಿ ಓಡಿಸತೊಡಗಿದರು. ಅವುಗಳಲ್ಲಿ ಹಲವು 1930 ಮತ್ತು 40ರ ದಶಕಗಳಲ್ಲಿ ತಯಾರಾದವು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವುಗಳದು. ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ಆ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಹೊಸ ಗ್ರೀಸು ತುಂಬಿಯೇ ಮುಂದಿನ ಸವಾರಿ. ಹೀಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ "ರೀಪ್ಯಾಕ್" ಎಂಬ ಹೆಸರು ಬಿತ್ತು. 1976ರಲ್ಲಿ ಅಲ್ಲಿ ಪಂದ್ಯಗಳು ಆರಂಭವಾದವು. ಜೋ ಬ್ರೀಝ್ ಎಂಬಾತ ಮರುವರ್ಷವೇ ಈ ಓಟಕ್ಕೆಂದು ಹೊಸ ಚೌಕಟ್ಟುಗಳನ್ನು ಕಟ್ಟಲು ತೊಡಗಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಇಂಥ ಸೈಕಲ್ಲುಗಳನ್ನು ಮಾರುವ ವ್ಯಾಪಾರ ತೆರೆದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಗುಡ್ಡದ ಸೈಕಲ್ಲು ಪದಕದ ಸ್ಪರ್ಧೆಯಾಯಿತು.

ಯಾರಿಗೂ ಬೇಡವಾದ ಸೈಕಲ್ಲಿನಿಂದ ಒಲಿಂಪಿಕ್ಸಿನವರೆಗೆ ಇಪ್ಪತ್ತೇ ವರ್ಷ. ಮೆಟ್ಟಿಲ ಕೆಳಗಿನ ಸೈಕಲ್ಲಿಗೆ ನಾಚುವ ಕಾರಣವಿಲ್ಲ.

ದೇಹದ ನೆನಪು, ದೇಹದ ಮರೆವು

ಒಮ್ಮೆ ಕಲಿತ ಸೈಕಲ್ ಸವಾರಿ ಮರೆಯುವುದಿಲ್ಲವೆಂಬ ಮಾತು ಲೋಕದಲ್ಲಿ ರೂಢವಾಗಿದೆ. ಅದು ಬಹುಮಟ್ಟಿಗೆ ನಿಜ. ಸೈಕಲ್ಲು ಬಲಕ್ಕೆ ವಾಲಿದರೆ ಹ್ಯಾಂಡಲನ್ನು ಬಲಕ್ಕೇ ಕೊಂಚ ತಿರುಗಿಸಿ ಬೀಳದಂತೆ ಉಳಿಯುವುದು ಸವಾರನ ಬುದ್ಧಿ ಯೋಚಿಸಿ ಮಾಡುವ ಕೆಲಸವಲ್ಲ. ಅಭ್ಯಾಸ ಬಲಿತ ಮೇಲೆ ಅದು ಮಿದುಳಿನ ಆಳಕ್ಕೆ ಇಳಿದುಬಿಡುತ್ತದೆ. ಡೆಸ್ಟಿನ್ ಸ್ಯಾಂಡ್ಲಿನ್ ಎಂಬ ಅಮೆರಿಕದ ಎಂಜಿನಿಯರು 2015ರಲ್ಲಿ ಲೋಕದ ಮುಂದಿಟ್ಟ ಪ್ರಯೋಗವೊಂದು ಇದಕ್ಕೆ ಸೊಗಸಾದ ನಿದರ್ಶನ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ಹೊರಳುವ ಸೈಕಲ್ಲೊಂದನ್ನು ಆತ ಪಡೆದ. ಅದರ ಮೇಲೆ ಹತ್ತು ಮಾರು ಸಾಗುವುದಕ್ಕೆ ಎಂಟು ತಿಂಗಳ ಅಭ್ಯಾಸ ಬೇಕಾಯಿತು. ಅನಂತರ ಸಾಮಾನ್ಯ ಸೈಕಲ್ಲನ್ನು ಏರಿದಾಗ ಮೊದಲು ತಡವರಿಸಿದ. ಆದರೆ ಇಪ್ಪತ್ತು ನಿಮಿಷಗಳೊಳಗೆ ಹಳೆಯ ವಿದ್ಯೆ ಹಿಂದಿರುಗಿತು.

ಮಾಂಸಖಂಡಕ್ಕೂ ಒಂದು ಬಗೆಯ ನೆನಪುಂಟು. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 2010ರಲ್ಲಿ ಇಲಿಗಳ ಮೇಲೆ ನಡೆಸಿದ ಸಂಶೋಧನೆಯಲ್ಲಿ, ದುಡಿಮೆಯಿಂದ ಬೆಳೆದ ಸ್ನಾಯುತಂತು ವಿಶ್ರಾಂತಿಯಲ್ಲಿ ಕೃಶವಾದರೂ, ಬೆಳೆಯುವಾಗ ಗಳಿಸಿದ ಹೆಚ್ಚಿನ ಕೋಶಕೇಂದ್ರಗಳು ಬಹುಕಾಲ ಉಳಿದಿರುವುದು ಕಂಡುಬಂತು. ಹಿಂದೆ ದುಡಿದ ಕಾಲು, ಎಂದೂ ದುಡಿಯದ ಕಾಲಿಗಿಂತ ಬೇಗ ಚೇತರಿಸಿಕೊಳ್ಳುತ್ತದೆಂಬ ಅನುಭವಕ್ಕೆ ಇದು ಒಂದು ವಿವರಣೆ.

ಇನ್ನು ಮರೆವಿನ ಭಾಗ. ಉಸಿರಿನ ಶಕ್ತಿ ತೀರ ಚಂಚಲವಾದದ್ದು. ಸವಾರಿ ನಿಂತ ಎರಡು ಮೂರು ವಾರಗಳಲ್ಲೇ ರಕ್ತದ ದ್ರವಭಾಗ ತಗ್ಗಿ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣ ಇಳಿಯತೊಡಗುತ್ತದೆ. ಇದರ ಜೊತೆಗೆ ವಯಸ್ಸಿನ ತೆರಿಗೆ ಬೇರೆ. ಹೃದಯ ಬಡಿಯಬಲ್ಲ ಗರಿಷ್ಠ ವೇಗ ವರ್ಷವರ್ಷಕ್ಕೂ ತುಸು ತುಸು ಕುಗ್ಗುತ್ತದೆ. ಎಲ್ಲಕ್ಕಿಂತ ನಿಧಾನಸ್ಥರೆಂದರೆ ಸ್ನಾಯುವನ್ನು ಎಲುಬಿಗೆ ಬಿಗಿದಿರುವ ನರಹುರಿಗಳು. ರಕ್ತಸಂಚಾರ ಅಲ್ಲಿ ಕಡಮೆ. ತೊಡೆಯ ಸ್ನಾಯು ಆರೆಂಟು ವಾರಗಳಲ್ಲಿ ಹುರಿಗೊಂಡರೆ, ಮೊಣಕಾಲಿನ ಹುರಿಗಳು ಆ ಬಲಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

ಈ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯದ ಮರ್ಮ ತಿಳಿಯುತ್ತದೆ. ಸಮತೋಲ ಮೊದಲ ದಿನವೇ ಹಿಂದಿರುಗುತ್ತದೆ, ಅದರ ಬೆನ್ನಿಗೆ ಧೈರ್ಯ. ಉಸಿರಿಗೆ ವಾರಗಳು ಬೇಕು, ಮೊಣಕಾಲಿಗೆ ತಿಂಗಳುಗಳು. ಹೊಸದಾಗಿ ಕಲಿಯುವವನನ್ನು ಅವನ ಅಂಜಿಕೆಯೇ ಕಾಪಾಡುತ್ತದೆ. ಮರಳಿ ಬಂದವನಿಗೆ ಆ ಕಾವಲಿಲ್ಲ. ಹತ್ತು ವರ್ಷಗಳ ಹಿಂದೆ ತಾನು ಧುಮುಕಿ ಇಳಿದ ಬಂಡೆ ಅವನ ಕಣ್ಣಿಗೆ ಕಟ್ಟಿದಂತಿದೆ, ಇಳಿದ ಬಗೆಯೂ ಕೈಗೆ ಗೊತ್ತಿದೆ. ಆದರೆ ಆ ಪೆಟ್ಟನ್ನು ತಾಳಿದ ಮೊಣಕಾಲು ಮತ್ತು ಸೊಂಟ ಈಗ ಇಲ್ಲ. ಮರಳಿ ಸೈಕಲ್ಲೇರುವವನಿಗೆ ಅಪಾಯ ಬರುವುದು ಮರೆವಿನಿಂದಲ್ಲ, ನೆನಪಿನಿಂದ.

ಮೊದಲು ಸೈಕಲ್ಲಿನ ಚಿಕಿತ್ಸೆ

ವರ್ಷಗಟ್ಟಲೆ ನಿಂತ ಸೈಕಲ್ಲಿಗೆ ಗಾಳಿ ತುಂಬಿದ ಮಾತ್ರಕ್ಕೆ ಅದು ಗುಡ್ಡಕ್ಕೆ ಸಿದ್ಧವಾಗುವುದಿಲ್ಲ. ಟೈರಿನ ಪಕ್ಕದ ಗೋಡೆಯಲ್ಲಿ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಬೆರಳಿನಿಂದ ಬಾಗಿಸಿ ನೋಡಿದರೆ ತಿಳಿಯುತ್ತದೆ. ಬ್ರೇಕಿನ ತಂತಿ ಕೊಳವೆಯೊಳಗೆ ತುಕ್ಕು ಹಿಡಿದಿರುತ್ತದೆ. ಎಣ್ಣೆಯ ಬ್ರೇಕಾದರೆ ಹಳೆಯ ಎಣ್ಣೆಯನ್ನು ಬದಲಿಸಬೇಕು. ಮುಂದಿನ ಕವಲಿನ ಒಳಗಿನ ಎಣ್ಣೆ ಬತ್ತಿ, ಸೀಲುಗಳು ಗಟ್ಟಿಯಾಗಿರುತ್ತವೆ. ಬಲ್ಲ ಮೆಕ್ಯಾನಿಕ್ಕರ ಕೈಗೆ ಒಪ್ಪಿಸಿ, ಬೇರಿಂಗು, ಚೈನು, ಬ್ರೇಕಿನ ಕಟ್ಟೆ ಎಲ್ಲವನ್ನೂ ನೋಡಿಸತಕ್ಕದ್ದು. ತಲೆಯ ಶಿರಸ್ತ್ರಾಣಕ್ಕೂ ಆಯುಷ್ಯವುಂಟು. ಐದರಿಂದ ಹತ್ತು ವರ್ಷಗಳಲ್ಲಿ ಅದನ್ನು ಬದಲಿಸಬೇಕೆಂಬುದು ಬಲ್ಲವರ ಸಲಹೆ. ಒಮ್ಮೆ ಪೆಟ್ಟು ತಿಂದದ್ದಾದರೆ ಅದೇ ದಿನ ಬಿಡಬೇಕು.

ಅಂಗಡಿಗೆ ಹೋದವರಿಗೆ ಕಾಲ ಮುಂದೆ ಸಾಗಿರುವುದು ಕಾಣುತ್ತದೆ. ಹಿಂದೆ 26 ಅಂಗುಲದ ಚಕ್ರವೇ ಸಾಮಾನ್ಯ, ಈಗ 27.5 ಮತ್ತು 29 ಅಂಗುಲದವು ಅದರ ಸ್ಥಾನವನ್ನು ಆಕ್ರಮಿಸಿವೆ. ದೊಡ್ಡ ಚಕ್ರ ಕಲ್ಲು ಗುಂಡಿಗಳನ್ನು ಸುಲಭವಾಗಿ ದಾಟುತ್ತದೆ. ಮುಂದೆ ಮೂರು ಹಲ್ಲುಗಾಲಿಗಳ ಬದಲು ಒಂದೇ. ಹಿಂದೆ ಹನ್ನೊಂದೋ ಹನ್ನೆರಡೋ. ಹ್ಯಾಂಡಲಿನ ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ಸಾಧನವೂ ಬಂದಿದೆ. ಇಳಿಜಾರಿನಲ್ಲಿ ಅದರ ಉಪಕಾರ ಅಷ್ಟಿಷ್ಟಲ್ಲ. ಆದರೂ ಮೊದಲ ಆರು ತಿಂಗಳು ಹಳೆಯ ಸೈಕಲ್ಲೇ ಸಾಕು. ಆಸೆ ನಿಂತೀತೋ ಇಲ್ಲವೋ ಎಂಬುದು ತಿಳಿದ ಮೇಲೆ ದುಡ್ಡು ಬಿಚ್ಚುವುದು ಗೃಹಸ್ಥಧರ್ಮಕ್ಕೂ ಹಿತ.

ಸಿದ್ದಾಪುರದಿಂದ ತುರಹಳ್ಳಿಗೆ

ಸಿದ್ದಾಪುರದ ಸವಾರನಿಗೆ ಮೊದಲ ಗುರು ಲಾಲ್‌ಬಾಗಿನ ಬಂಡೆ. ಸುಮಾರು ಮುನ್ನೂರು ಕೋಟಿ ವರ್ಷ ಪ್ರಾಯದ ಆ ಶಿಲೆಯ ಮೇಲೆ ಸೈಕಲ್ಲು ಬಿಡುವಂತಿಲ್ಲ, ಬಿಡಲೂ ಬಾರದು. ಆದರೆ ನೆತ್ತಿಯ ಗೋಪುರದವರೆಗೆ ಬೆಳಗಿನ ಹೊತ್ತು ನಡೆದು ಏರಿ ಇಳಿಯುವುದಕ್ಕೆ ಅಡ್ಡಿಯಿಲ್ಲ. ಇಳಿಯುವಾಗ ಮೊಣಕಾಲು ನಡುಗಿದರೆ, ಗುಡ್ಡಕ್ಕೆ ಇನ್ನೂ ಹೊತ್ತಾಗಿಲ್ಲವೆಂದು ತಿಳಿಯಬೇಕು. ಸಕ್ಕರೆ, ರಕ್ತದೊತ್ತಡ, ಎದೆನೋವು ಇರುವವರು ಅದಕ್ಕೂ ಮೊದಲು ವೈದ್ಯರನ್ನು ಕಾಣುವುದು ಅವಶ್ಯ.

ಅನಂತರ ಸಮನೆಲದ ಸವಾರಿ. ವಾರಕ್ಕೆ ಮೂರು ದಿನ, ಮುಂಜಾನೆ ವಾಹನಗಳ ಗದ್ದಲ ಏಳುವ ಮುನ್ನ, 1948ರಲ್ಲಿ ಜಯನಗರ ಬಡಾವಣೆಯ ಹುಟ್ಟಿನ ಗುರುತಾಗಿ ನಿಂತ ಅಶೋಕ ಸ್ತಂಭವನ್ನು ಬಳಸಿಕೊಂಡು ಮರದ ನೆರಳಿನ ರಸ್ತೆಗಳಲ್ಲಿ ಅರ್ಧ ಗಂಟೆ ಸಾಕು. ವೇಗಕ್ಕೆ ಒಂದೇ ಅಳತೆಗೋಲು: ಪಕ್ಕದಲ್ಲಿರುವವರೊಡನೆ ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿರಬೇಕು. ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗುವಷ್ಟು ಸೀಟಿನ ಎತ್ತರವಿರಲಿ. ಅರ್ಧ ಮೊಣಕಾಲು ನೋವು ಅಲ್ಲಿಯೇ ತಪ್ಪುತ್ತದೆ. ಮೊದಲ ತಿಂಗಳು ಭಾರವಾದ ಗೇರಿನ ಹಟ ಬೇಡ. ಹಗುರ ಗೇರಿನಲ್ಲಿ ಹೆಚ್ಚು ಸುತ್ತು ತುಳಿಯುವುದೇ ಮೇಲು.

ಎರಡನೆಯ ತಿಂಗಳಿಗೆ ದೂರ ಹೆಚ್ಚಿಸಬಹುದು. ಸೌತ್ ಎಂಡ್ ವೃತ್ತ ದಾಟಿ, ಬನಶಂಕರಿಯ ಗುಡಿಯ ಮುಂದಿನಿಂದ ಕನಕಪುರ ರಸ್ತೆ ಹಿಡಿದರೆ ಸುಮಾರು ಹನ್ನೆರಡು ಕಿಲೋಮೀಟರಿನಲ್ಲಿ ತುರಹಳ್ಳಿ ಸಿಗುತ್ತದೆ. ದಕ್ಷಿಣ ಬೆಂಗಳೂರಿನ ಗುಡ್ಡದ ಸವಾರರೂ ಬಂಡೆ ಹತ್ತುವವರೂ ಪಳಗಿದ ನೆಲ ಅದು. ನೀಲಗಿರಿ ಮರ, ಕುರುಚಲು ಗಿಡ, ನಡುನಡುವೆ ಬೋಳು ಬಂಡೆ.

ಆದರೆ ಮರಳಿ ಬಂದ ಸವಾರನಿಗೆ ಇಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. ಅವನು ಬಿಟ್ಟುಹೋದ ಕನಕಪುರ ರಸ್ತೆ ಈಗಿಲ್ಲ. 2017ರಲ್ಲಿ ಯಲಚೇನಹಳ್ಳಿಯವರೆಗೆ, 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೋ ರೈಲು ತಲೆಯ ಮೇಲೆ ಓಡತೊಡಗಿತು. ಹಿಂದೆ ರಾಗಿ ಹೊಲದಂಚಿನಲ್ಲಿ ಸಾಗಿದ ಅಡ್ಡದಾರಿಗಳಿಗೆ ಬಹುಮಹಡಿ ಮನೆಗಳ ಕಾಂಪೌಂಡು ಅಡ್ಡ ನಿಂತಿದೆ. ತುರಹಳ್ಳಿಯ ಕಾಡಿನಲ್ಲೂ ವೃಕ್ಷೋದ್ಯಾನ ಮಾಡುವ ಪ್ರಸ್ತಾವ 2021ರಲ್ಲಿ ಬಂದಾಗ, ಸುತ್ತಲಿನ ನಾಗರಿಕರು ಮಕ್ಕಳುಮರಿಗಳೊಡನೆ ಬಂದು, ಕಾಡು ಕಾಡಾಗಿಯೇ ಇರಲೆಂದು ಪ್ರತಿಭಟಿಸಿದರು. ಅರಣ್ಯ ಇಲಾಖೆಯ ವಶದಲ್ಲಿರುವ ನೆಲವಾದುದರಿಂದ ಒಳಗೆ ಸೈಕಲ್ಲು ಬಿಡುವ ಮುನ್ನ ಅಂದಂದಿನ ನಿಯಮವನ್ನು ವಿಚಾರಿಸತಕ್ಕದ್ದು. ಹಿಂದೆ ಓಡಿಸಿದ್ದೆವೆಂಬುದು ಇಂದಿನ ಪರವಾನಗಿಯಲ್ಲ. ಅನುಮತಿಯುಳ್ಳ ಕಡೆಯಲ್ಲೂ ಇರುವ ಜಾಡನ್ನು ಬಿಟ್ಟು ಹೊಸ ಜಾಡು ತುಳಿಯದಿರುವುದು, ಮಳೆಯ ಮರುದಿನ ಹಸಿ ಮಣ್ಣನ್ನು ಉಳದಿರುವುದು ಸವಾರನ ಮರ್ಯಾದೆ. ದೇಹ ಹಿಂದಿರುಗಿ ಬರಬಲ್ಲದು. ಹೋದ ಗುಡ್ಡ ಬರುವುದಿಲ್ಲ.

ಇಳಿಜಾರಿನ ವಿವೇಕ

ಏರು ದಾರಿ ಸವಾರನನ್ನು ದಣಿಸುತ್ತದೆ, ಬೀಳಿಸುವುದು ಇಳಿಜಾರು. ಇಳಿಯುವಾಗ ಸೀಟಿನಿಂದ ಎದ್ದು, ಎರಡು ಪೆಡಲುಗಳನ್ನೂ ಸಮಮಟ್ಟದಲ್ಲಿರಿಸಿ, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿರಬೇಕು. ನೋಟ ಮುಂಚಕ್ರದ ಮೇಲಲ್ಲ, ಹತ್ತು ಮಾರು ಮುಂದಿರಲಿ. ಕಣ್ಣು ಹೋದತ್ತ ಸೈಕಲ್ಲು ಹೋಗುತ್ತದೆ. ಬ್ರೇಕು ತಿರುವಿಗೆ ಮೊದಲೇ ಹಿಡಿಯಬೇಕು, ತಿರುವಿನ ನಡುವೆ ಅಲ್ಲ. ಅನುಮಾನ ಬಂದ ಕಡೆ ಇಳಿದು ನಡೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಗುಡ್ಡದ ಸವಾರಿಗೂ ಸಲ್ಲುತ್ತದೆ. ಈ ವರ್ಷದ ಹಾಸಿಗೆ ಹತ್ತು ವರ್ಷದ ಹಿಂದಿನದಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಇಷ್ಟೆಲ್ಲ ಎಚ್ಚರಿಕೆಯ ನಡುವೆ ಆನಂದಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ನಾಲ್ಕನೆಯ ತಿಂಗಳಿನ ಒಂದು ಬೆಳಗ್ಗೆ, ಹಿಂದಿನ ವಾರ ಇಳಿದು ತಳ್ಳಿದ ಏರನ್ನು ಸವಾರ ತನಗರಿವಿಲ್ಲದೆಯೇ ತುಳಿದು ಮುಗಿಸಿರುತ್ತಾನೆ. ನೆತ್ತಿಯ ಬಂಡೆಗೆ ಸೈಕಲ್ಲನ್ನು ಒರಗಿಸಿ ನೀರು ಕುಡಿಯುವಾಗ ಉಸಿರು ತಾನಾಗಿ ಹದಕ್ಕೆ ಬರುತ್ತದೆ. ಕೆಳಗೆ ಮಂಜಿನೊಳಗೆ ಊರು ಇನ್ನೂ ಏಳುತ್ತಿರುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಆ ಏರು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಈಗ ಅದು ಸ್ವಂತ ಗಳಿಕೆ. ಗಂಟೆ ಎಂಟಾಗುವುದರೊಳಗೆ ಮನೆ ಸೇರಿ, ದಾರಿಯಲ್ಲಿ ಸೊಪ್ಪು ಕೊಂಡು ತಂದರೆ, ಮುಂದಿನ ಭಾನುವಾರದ ಅನುಮತಿಯೂ ಮನೆಯವರಿಂದ ಸುಲಭವಾಗಿ ದೊರೆಯುತ್ತದೆ.