ಎಣ್ಣೆಯೊಳಗಿನ ಎಳ್ಳು

‘ಎಳ್ಳಿನಲ್ಲಿ ಹುಟ್ಟಿತು, ಶೇಂಗಾದಲ್ಲೂ ಸಿಕ್ಕಿತು (2)’. ಪದಬಂಧದಲ್ಲಿ ಇಂಥ ಸುಳಿವು ಬಂದರೆ ಚಳ್ಳಕೆರೆಯ ಮಕ್ಕಳು ತಲೆ ಕೆರೆದುಕೊಳ್ಳಬೇಕಿಲ್ಲ. ಉತ್ತರ ಅವರ ಊರಿನ ಬಿರುದಿನಲ್ಲೇ ಇದೆ. ಶೇಂಗಾ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರು ಬಂತು.

ಈ ಪುಟ್ಟ ಪದವನ್ನು ಬಿಡಿಸಿ ನೋಡಿ: ಎಳ್ + ನೆಯ್. ಹಳಗನ್ನಡದಲ್ಲಿ ನೆಯ್ ಎಂದರೆ ತುಪ್ಪ, ಜಿಡ್ಡು. ಎಳ್ಳಿನ ಜಿಡ್ಡೇ ಎಣ್ಣೆ. ಹಾಗೆಯೇ ಬೆಳ್ಳಗಿನ ನೆಯ್ ಬೆಣ್ಣೆ. ಅಂದಮೇಲೆ ‘ಎಳ್ಳೆಣ್ಣೆ’ಯಲ್ಲಿ ಎಳ್ಳು ಎರಡು ಸಲ ಬಂತಲ್ಲವೇ? ದಕ್ಷಿಣ ಅಮೆರಿಕ ಮೂಲದ ಶೇಂಗಾದ ಎಣ್ಣೆಯಲ್ಲೂ ಹೆಸರಿನ ಮಟ್ಟಿಗೆ ಎಳ್ಳಿದೆ! ‘ದೊಣ್ಣೆ’ಯಲ್ಲಿ ಮಾತ್ರ ಜಿಡ್ಡು ಹುಡುಕಬೇಡಿ.

ಮೊದಲ ಆಧುನಿಕ ಪದಬಂಧವನ್ನು ಆರ್ಥರ್ ವಿನ್ ರಚಿಸಿದರು. ಅದು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡದ ಪದಬಂಧದಲ್ಲಿ ಒತ್ತು, ಗುಣಿತ ಸೇರಿ ಒಂದಕ್ಷರಕ್ಕೆ ಒಂದೇ ಮನೆ. ಆದ್ದರಿಂದ ಎಣ್ಣೆಗೆ ಎರಡು ಮನೆ, ಎಳ್ಳೆಣ್ಣೆಗೆ ಮೂರು.

ಇನ್ನೂ ಕೆಲವು ಸುಳಿವುಗಳು: ‘ಸೀಗೆಕಾಯಿಯ ಹಗೆ (2)’ – ಮತ್ತೆ ಎಣ್ಣೆ. ‘ಹೊಟ್ಟೆ ಶುದ್ಧಿಗೆ ಅಜ್ಜಿ ಕುಡಿಸುತ್ತಿದ್ದುದು (4)’ – ಹರಳೆಣ್ಣೆ. ‘ಕಾಳೂ ಇಲ್ಲ, ಗಾಣವೂ ಇಲ್ಲ, ಬುಡ್ಡಿ ಉರಿಯಿತು (4)’ – ಸೀಮೆಎಣ್ಣೆ. ಹರಳೆಣ್ಣೆ ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಸೇರಿ ಆದದ್ದು. ಸೀಮೆಎಣ್ಣೆ ನೆಲದಡಿಯ ಕಚ್ಚಾತೈಲದಿಂದ ಬೇರ್ಪಡಿಸಿದ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು ಎಂಬ ರಸಾಯನಶಾಸ್ತ್ರದ ಪಾಠವೂ ಇಲ್ಲಿದೆ.

ಪಕ್ಕದ ತಾಲ್ಲೂಕು ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರುವಾಸಿ. ಅಲ್ಲೂ ಒಂದು ‘ನೆಯ್’ ಇದೆ. ಅದರ ಅರ್ಥ ಬಟ್ಟೆ ನೇಯುವುದು. ನೇಯ್ಗೆ, ನೇಕಾರ ಅದರಿಂದ ಬಂದವು. ರೂಪ ಒಂದೇ, ಬೇರು ಬೇರೆ. ಒಂದು ಊರಿನ ಗಾಣದಲ್ಲಿ ಒಂದು ನೆಯ್, ಇನ್ನೊಂದು ಊರಿನ ಮಗ್ಗದಲ್ಲಿ ಇನ್ನೊಂದು.

ಪರೀಕ್ಷೆ ಹತ್ತಿರವಾದಾಗ ಪದಬಂಧ ಬಿಡಿಸುವ ಮಕ್ಕಳನ್ನು ‘ಕಾಲಹರಣ’ ಎಂದು ಪಾಲಕರು ಗದರುವುದುಂಟು. ಆದರೆ ಪದವನ್ನು ಬಿಡಿಸಿ ನೋಡಲು ಕಲಿತ ಮಗುವಿಗೆ ಕಂಠಪಾಠದ ಹೊರೆ ತಗ್ಗುತ್ತದೆ. ಇನ್ನೊಂದು ಲಾಭವೂ ಇದೆ. ಗಾಣ, ಹಿಂಡಿ, ಲಾಳಿ ಎಂಬ ಮಾತುಗಳು ಪ್ಯಾಕೆಟ್ ಎಣ್ಣೆ ಕಂಡು ಬೆಳೆದ ಮಕ್ಕಳ ನಾಲಿಗೆಯಿಂದ ಜಾರುತ್ತಿವೆ. ಅಜ್ಜ ಅಜ್ಜಿಯರನ್ನು ಕೇಳದೆ ಆ ಮನೆಗಳು ತುಂಬುವುದಿಲ್ಲ. ಕೇಳಿದಾಗ ಒಂದು ಪದದ ಜೊತೆಗೆ ಒಂದು ಕಸುಬಿನ ಕಥೆಯೂ ಮಗುವಿಗೆ ದಕ್ಕುತ್ತದೆ.

ಇವತ್ತು ರಾತ್ರಿ ಊಟದ ಹೊತ್ತಿಗೆ ಒಂದು ಸುಳಿವು: ‘ಉದ್ದಕ್ಕೆ ಹಾಸು, ಅಡ್ಡಕ್ಕೆ? (2)’. ಮನೆಯಲ್ಲಿ ಯಾರಿಗೂ ಹೊಳೆಯದಿದ್ದರೆ ಮೊಳಕಾಲ್ಮುರಿನ ಯಾವ ಮಗ್ಗದ ಮನೆಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.