ಜನರನ್ನು ಕೇಳಿ ತಿಳಿದ ಯಾಜಕ: ಸಮಾಜಶಾಸ್ತ್ರಜ್ಞ ಫಾ. ಆಂಡ್ರ್ಯೂ ಗ್ರೀಲಿ

ಯುವಜನರು ಭಾನುವಾರದ ಬಲಿಪೂಜೆಗೆ ಏಕೆ ಬರುತ್ತಿಲ್ಲ? ನಮ್ಮ ಚರ್ಚ್ ಪಾಲನಾ ಮಂಡಳಿಗಳ ಸಭೆಗಳಲ್ಲಿ ಈ ಪ್ರಶ್ನೆ ಬಾರದ ವರ್ಷವಿಲ್ಲ. ಒಬ್ಬರು ಮೊಬೈಲನ್ನು ದೂರುತ್ತಾರೆ, ಇನ್ನೊಬ್ಬರು ಹೆತ್ತವರನ್ನು, ಮತ್ತೊಬ್ಬರು ಗುರುಗಳ ಪ್ರಬೋಧನೆಯನ್ನು. ಸಭೆ ಮುಗಿಯುತ್ತದೆ. ಆದರೆ ಬಾರದವರ ಮನೆಗೇ ಹೋಗಿ ಕೇಳಿದವರು ವಿರಳ. ಹೀಗೆ ಊಹಿಸುವ ಬದಲು ಕೇಳಿಯೇ ತಿಳಿಯಬೇಕೆಂದು ಜೀವನವಿಡೀ ದುಡಿದ ಯಾಜಕರೊಬ್ಬರ ಪರಿಚಯ ಇಲ್ಲಿದೆ.

ಫಾ. ಆಂಡ್ರ್ಯೂ ಗ್ರೀಲಿ 1928ರಲ್ಲಿ ಅಮೆರಿಕದ ಷಿಕಾಗೋ ಬಳಿ ಐರಿಷ್ ಮೂಲದ ಕುಟುಂಬದಲ್ಲಿ ಹುಟ್ಟಿದರು. 1954ರಲ್ಲಿ ಷಿಕಾಗೋ ಮಹಾಧರ್ಮಪ್ರಾಂತ್ಯಕ್ಕೆ ಯಾಜಕತ್ವ ದೀಕ್ಷೆ ಪಡೆದು ಹತ್ತು ವರ್ಷ ಒಂದೇ ಚರ್ಚಿನಲ್ಲಿ ಸಹಾಯಕ ಗುರುಗಳಾಗಿ ಸೇವೆ ಸಲ್ಲಿಸಿದರು. ಆ ಸೇವೆಯ ನಡುವೆಯೇ ಓದಿ 1962ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಅಲ್ಲಿನ ರಾಷ್ಟ್ರೀಯ ಅಭಿಪ್ರಾಯ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದರು.

ಅವರ ವಿಧಾನ ಸರಳ. ಚರ್ಚಿನ ಬಾಗಿಲಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ಬಂದವರ ಮಾತು ತಿಳಿಯುತ್ತದೆಯೇ ಹೊರತು ಬಾರದವರದ್ದಲ್ಲ. ಆದುದರಿಂದ ದೇಶದಾದ್ಯಂತ ಚೀಟಿ ಎತ್ತಿದಂತೆ ಜನರನ್ನು ಆರಿಸಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು. ಕೆಲವು ವರ್ಷಗಳ ಬಳಿಕ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು, ನಿಜ. ಆದರೆ ಅಗುಳನ್ನು ಪಾತ್ರೆಯ ಮೇಲಿನಿಂದಷ್ಟೇ ತೆಗೆಯಬಾರದು.

ಅಂಕಿಗಳು ಹೇಳಿದ್ದೇನು?

1963ರಲ್ಲಿ ಅಮೆರಿಕದ ಕಥೋಲಿಕರಲ್ಲಿ ಶೇ. 71 ಮಂದಿ ವಾರವಾರ ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದರು. 1974ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 50ಕ್ಕೆ ಇಳಿದಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ ಬದಲಾವಣೆಗಳೇ ಇದಕ್ಕೆ ಕಾರಣವೆಂದು ಅನೇಕರು ನಂಬಿದ್ದರು. ಆದರೆ ಜನರಲ್ಲಿ ಬಹುಪಾಲು ಮಂದಿ ಆ ಬದಲಾವಣೆಗಳನ್ನು ಮೆಚ್ಚಿದ್ದರೆಂದು ಸಮೀಕ್ಷೆ ತೋರಿಸಿತು. ಕೃತಕ ಸಂತಾನ ನಿಯಂತ್ರಣವನ್ನು ನಿಷೇಧಿಸಿ ಪೋಪ್ ಆರನೇ ಪೌಲರು 1968ರಲ್ಲಿ ಹೊರಡಿಸಿದ 'ಹ್ಯುಮಾನೆ ವೀತೆ' ಪರಿಪತ್ರವನ್ನು ಒಪ್ಪಲಾಗದವರು ದೂರ ಸರಿದದ್ದೇ ಇಳಿತಕ್ಕೆ ಮುಖ್ಯ ಕಾರಣವೆಂದು ಗ್ರೀಲಿ ಮತ್ತು ಅವರ ಸಂಗಡಿಗರು 1976ರ ಪುಸ್ತಕದಲ್ಲಿ ವಾದಿಸಿದರು. ಈ ಮಾತು ಅನೇಕ ಧರ್ಮಾಧ್ಯಕ್ಷರಿಗೆ ಹಿಡಿಸಲಿಲ್ಲ.

ಕಾಣಿಕೆಯ ವಿಷಯದಲ್ಲೂ ಹಾಗೆಯೇ. 1960ರ ದಶಕದ ಆರಂಭದಲ್ಲಿ ಕಥೋಲಿಕರು ಆದಾಯದ ಶೇ. 2.2ರಷ್ಟನ್ನು ಚರ್ಚಿಗೆ ಕೊಡುತ್ತಿದ್ದರು. 1980ರ ದಶಕದ ಮಧ್ಯಭಾಗಕ್ಕೆ ಅದು ಅರ್ಧಕ್ಕಿಳಿದಿತ್ತು. ಜನ ಬಡವರಾದದ್ದಲ್ಲ, ಅಧಿಕಾರದಲ್ಲಿರುವವರ ಬಗ್ಗೆ ಅಸಮಾಧಾನಗೊಂಡದ್ದೇ ಕಾರಣ ಎಂದು ಧರ್ಮಾಧ್ಯಕ್ಷ ವಿಲಿಯಂ ಮೆಕ್‌ಮ್ಯಾನಸ್ ಅವರೊಡನೆ ಬರೆದ 1987ರ ಪುಸ್ತಕದಲ್ಲಿ ಅವರು ವಿವರಿಸಿದರು.

ಸತ್ಯಕ್ಕೆ ತೆತ್ತ ಬೆಲೆ

ಷಿಕಾಗೋ ವಿಶ್ವವಿದ್ಯಾನಿಲಯ ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ನಿರಾಕರಿಸಿತು. ಮುಂದೆ 1978ರಿಂದ ಅರಿಜೋನಾದಲ್ಲಿ ಕಲಿಸಿದರು. ಅವರ ಕಾದಂಬರಿಗಳು ಲಕ್ಷಗಟ್ಟಲೆ ಮಾರಾಟವಾದವು; ಅವುಗಳಲ್ಲಿನ ಪ್ರೇಮ ಪ್ರಸಂಗಗಳಿಗಾಗಿ ಟೀಕೆಯೂ ಬಂತು. ಗಳಿಸಿದ ಹಣದಿಂದ 1986ರಲ್ಲಿ ಬಡಮಕ್ಕಳು ಕಲಿಯುವ ಕಥೋಲಿಕ ಶಾಲೆಗಳಿಗೆ 10 ಲಕ್ಷ ಡಾಲರ್ ಕೊಡಲು ಮುಂದಾದಾಗ ಅವರ ಮಹಾಧರ್ಮಪ್ರಾಂತ್ಯವೇ ಅದನ್ನು ಸ್ವೀಕರಿಸಲಿಲ್ಲ. ಅವರು ಪ್ರತ್ಯೇಕ ನಿಧಿ ಸ್ಥಾಪಿಸಿದರು. ಗುರುಗಳಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ 1980ರ ದಶಕದಲ್ಲಿಯೇ ಎಚ್ಚರಿಸಿದವರಲ್ಲಿ ಅವರೂ ಒಬ್ಬರು. 2002ರಲ್ಲಿ ಬೋಸ್ಟನ್ ಹಗರಣ ಬಯಲಾದಾಗ ಆ ಎಚ್ಚರಿಕೆಯನ್ನು ಅಲಕ್ಷಿಸಿದ್ದಕ್ಕೆ ಧರ್ಮಸಭೆ ಎಷ್ಟು ಬೆಲೆ ತೆರಬೇಕಾಯಿತೆಂದು ಜಗತ್ತೇ ಕಂಡಿತು.

ಇಷ್ಟಾದರೂ ಅವರು ಯಾಜಕತ್ವ ತೊರೆಯಲಿಲ್ಲ. ಕೋಪಗೊಂಡ ಜನರೂ ಧರ್ಮಸಭೆಯಲ್ಲಿ ಏಕೆ ಉಳಿಯುತ್ತಾರೆಂಬುದೂ ಅವರ ಅಧ್ಯಯನದ ವಿಷಯವಾಗಿತ್ತು. ಗೋದಲಿ, ಮಾತೆ ಮರಿಯಾ, ಸಂತರು, ಸಂಸ್ಕಾರಗಳು, ಹಬ್ಬಗಳು - ಇವುಗಳ ಮೂಲಕ ದೇವರು ಹತ್ತಿರದಲ್ಲಿದ್ದಾರೆಂಬ ಭಾವನೆ ಬಾಲ್ಯದಲ್ಲೇ ಬೇರೂರುತ್ತದೆ ಎಂಬುದು 2000ದಲ್ಲಿ ಪ್ರಕಟವಾದ 'ದಿ ಕ್ಯಾಥೊಲಿಕ್ ಇಮ್ಯಾಜಿನೇಶನ್' ಪುಸ್ತಕದ ಸಾರ. ಮೊಂತಿ ಹಬ್ಬದಂದು ಹೂ ಹಿಡಿದು ಸಾಲಿನಲ್ಲಿ ನಿಂತು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2008ರ ಅಪಘಾತದಲ್ಲಿ ಮೆದುಳಿಗೆ ಪೆಟ್ಟಾದ ಬಳಿಕ ಅವರು ಚೇತರಿಸಿಕೊಳ್ಳಲಿಲ್ಲ. 2013ರ ಮೇ 29ರಂದು ದೈವಾಧೀನರಾದರು.

ನಮಗೇನು ಪಾಠ?

ಸಮೀಕ್ಷೆಯಿಂದ ವಿಶ್ವಾಸದ ಸತ್ಯ ನಿರ್ಧಾರವಾಗುವುದಿಲ್ಲ. ಗ್ರೀಲಿಯವರ ಎಲ್ಲ ತೀರ್ಮಾನಗಳನ್ನು ಒಪ್ಪಬೇಕಾಗಿಯೂ ಇಲ್ಲ. ಆದರೆ ಜ್ವರ ಅಳೆಯುವ ಸಾಧನವನ್ನು ಒಡೆದು ಹಾಕಿದರೆ ಜ್ವರ ಇಳಿಯದು. 2004ರ ಅವರ ಪುಸ್ತಕ ಗುರುಗಳಾದ ನಮ್ಮನ್ನೇ ತಟ್ಟುತ್ತದೆ: ಬಹುಪಾಲು ಗುರುಗಳು ತಮ್ಮ ಕರೆಯಲ್ಲಿ ಸಂತೃಪ್ತರು, ಆದರೆ ತಮ್ಮ ಪ್ರಬೋಧನೆಗಳ ಬಗ್ಗೆ ಜನರಿಗಿರುವ ಬೇಸರ ಅವರಿಗೆ ತಿಳಿದೇ ಇಲ್ಲ!

2021ರಲ್ಲಿ ಪೋಪ್ ಫ್ರಾನ್ಸಿಸ್ ಸಿನೊಡ್ ಪ್ರಕ್ರಿಯೆಗೆ ಚಾಲನೆ ನೀಡಿ, ಪ್ರತಿ ಧರ್ಮಪ್ರಾಂತ್ಯವೂ ಜನರ ಮಾತು ಆಲಿಸಬೇಕೆಂದು ಕರೆಯಿತ್ತರು. 2024ರ ಅಕ್ಟೋಬರ್‌ನಲ್ಲಿ ರೋಮಿನ ಮಹಾಸಭೆ ಮುಗಿದರೂ ಆಲಿಸುವ ಕೆಲಸ ಮುಗಿದಿಲ್ಲ. ಮುಂದಿನ ಬಾರಿ ವಾರ್ಡಿನ ಗುರಿಕಾರರು ಮನೆಮನೆಗೆ ಹೋಗುವಾಗ ವಂತಿಗೆಯ ಚೀಟಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಒಯ್ಯಲಿ: "ಚರ್ಚಿನಲ್ಲಿ ನಿಮಗೆ ನೋವಾದದ್ದು ಏನಾದರೂ ಇದೆಯೇ?" ಬಂದ ಉತ್ತರವನ್ನು ಬರೆದುಕೊಂಡು ಸಭೆಯ ಮುಂದಿಡೋಣ. ಅದು ನಮಗೆ ಹಿಡಿಸದಿದ್ದರೂ ಸರಿ.