ಮೆಟ್ಟಿಲಿಗೂ ಬೇಕು ಮೂರನೆಯ ಕಾಲು

ನಿಮ್ಮ ಮನೆಗೆ ಎಷ್ಟು ಮೆಟ್ಟಿಲುಗಳಿವೆ? ಕೇಳಿದ ತಕ್ಷಣ ಉತ್ತರ ಹೇಳುವವರು ಕಡಿಮೆ. ಎರಡೆರಡು ಮೆಟ್ಟಿಲು ಹಾರಿಕೊಂಡು ಓಡುವ ಮಕ್ಕಳಿಗೆ ಎಣಿಸುವ ಪುರುಸೊತ್ತಾದರೂ ಎಲ್ಲಿ? ಆದರೆ ಅದೇ ಮನೆಯ ಅಜ್ಜಿಯನ್ನು ಕೇಳಿ ನೋಡಿ. ‘ಹದಿನೆಂಟು’ ಎಂದು ಥಟ್ಟನೆ ಹೇಳುತ್ತಾರೆ. ಒಂಬತ್ತರ ನಂತರ ತಿರುವು, ಹದಿಮೂರನೆಯದರ ಅಂಚು ಒಡೆದಿದೆ ಎಂಬುದೂ ಅವರಿಗೆ ಗೊತ್ತು. ಮಂಡಿ ನೋಯುವವರು ಮಾತ್ರ ಮೆಟ್ಟಿಲು ಎಣಿಸುತ್ತಾರೆ.

ಸಂಧಿವಾತ, ಪಾರ್ಶ್ವವಾಯು, ಪೋಲಿಯೊ, ಮೂಳೆ ಮುರಿತ... ಕಾರಣ ಯಾವುದೇ ಇರಲಿ, ನಡೆಯುವುದು ಕಷ್ಟವಾದವರಿಗೆ ಸಮತಟ್ಟು ನೆಲ ಹೇಗೋ ಒಲಿಯುತ್ತದೆ, ಮೆಟ್ಟಿಲು ಒಲಿಯುವುದಿಲ್ಲ. ಕಲ್ಯಾಣ ಮಂಟಪಗಳಲ್ಲಿ ಧಾರೆ ಒಂದು ಮಹಡಿಯಲ್ಲಾದರೆ ಊಟ ಇನ್ನೊಂದರಲ್ಲಿ. ಬ್ಯಾಂಕು ಮೊದಲ ಮಹಡಿಯಲ್ಲಿ, ಮಗನ ಬಾಡಿಗೆ ಮನೆ ಎರಡನೆಯದರಲ್ಲಿ. ‘ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ’ ಎಂದು ಹಿರಿಯರು ಹೇಳತೊಡಗಿದರೆ ಅದು ಮನಸ್ಸಿಲ್ಲದ ಮಾತೇ ಆಗಬೇಕಿಲ್ಲ. ಬಹಳ ಸಲ ಅದು ಮೆಟ್ಟಿಲಿನ ಭಯ. ಹೀಗೆ ಒಂದೊಂದೇ ಜಾಗ ತಪ್ಪುತ್ತಾ ಕೊನೆಗೆ ಅವರ ಪ್ರಪಂಚ ಒಂದು ಕೋಣೆ, ಒಂದು ಕಿಟಕಿಗೆ ಇಳಿದುಬಿಡುತ್ತದೆ.

ಇದಕ್ಕೆ ಪರಿಹಾರ ಲಿಫ್ಟ್ ಒಂದೇ ಅಲ್ಲ. ಒಂದು ಸರಿಯಾದ ಊರುಗೋಲು, ಒಂದು ಗಟ್ಟಿ ರೇಲಿಂಗ್ ಮತ್ತು ಅವನ್ನು ಬಳಸುವ ಕ್ರಮ ಇಷ್ಟಿದ್ದರೆ ಎಷ್ಟೋ ಜನರಿಗೆ ಮೆಟ್ಟಿಲು ಮತ್ತೆ ದಕ್ಕುತ್ತದೆ. ಆ ಕ್ರಮವನ್ನು ಕಲಿಯಬೇಕಾದವರು ಊರುಗೋಲು ಹಿಡಿದವರು ಮಾತ್ರವಲ್ಲ, ಮನೆಮಂದಿಯೆಲ್ಲ.

ಮೆಟ್ಟಿಲು ಏಕೆ ಕಷ್ಟ?

ಶಾಲೆಯಲ್ಲಿ ಕಲಿತ ಲೆಕ್ಕವನ್ನೇ ಹಾಕಿ ನೋಡೋಣ. ಮೆಟ್ಟಿಲಿನ ಎತ್ತರ 17 ಸೆಂಟಿಮೀಟರ್, ಹತ್ತುವವರ ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ಒಂದೊಂದು ಮೆಟ್ಟಿಲಿಗೂ ಸುಮಾರು 100 ಜೂಲ್‌ನಷ್ಟು ಕೆಲಸವಾಗುತ್ತದೆ. ಅದನ್ನು ಪ್ರತಿ ಸಲವೂ ಒಂದೇ ಕಾಲು ಮಾಡಬೇಕು, ಅದೂ ಬಾಗಿದ ಮಂಡಿಯಿಂದ.

ಹಾಗಾದರೆ ಇಳಿಯುವುದು ಸುಲಭವಲ್ಲವೇ? ಅಲ್ಲ! ಬರ್ಲಿನ್‌ನ ಸಂಶೋಧಕರು ಕೃತಕ ಮಂಡಿಕೀಲಿನ ಒಳಗೇ ಅಳತೆಯ ಉಪಕರಣ ಕೂರಿಸಿ, ಅದನ್ನು ಹಾಕಿಸಿಕೊಂಡ ರೋಗಿಗಳನ್ನು ನಡೆಸಿ, ಹತ್ತಿಸಿ, ಇಳಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ ಮಂಡಿಯ ಮೇಲೆ ಬೀಳುವ ಗರಿಷ್ಠ ಭಾರ ಸಮತಟ್ಟು ನೆಲದಲ್ಲಿ ನಡೆಯುವಾಗ ದೇಹದ ತೂಕದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಹತ್ತುವಾಗ ಮೂರು ಪಟ್ಟಿಗಿಂತ ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಅಂದರೆ 60 ಕಿಲೋ ತೂಕದವರು ಇಳಿಯುವಾಗ ಅವರ ಮಂಡಿ ನಾಲ್ಕು ಅಕ್ಕಿ ಮೂಟೆಯ ಭಾರ ತಡೆಯುತ್ತದೆ. ಇಳಿಯುವಾಗ ದೇಹ ಕೆಳಕ್ಕೆ ಧುಮುಕದಂತೆ ಸ್ನಾಯುಗಳು ಬ್ರೇಕ್ ಹಾಕುತ್ತಲೇ ಇರಬೇಕು. ‘ಹತ್ತುವುದು ಹೇಗೋ ಹತ್ತುತ್ತೇನೆ, ಇಳಿಯುವುದೇ ಆಗುವುದಿಲ್ಲ’ ಎಂದು ಅಜ್ಜ ಹೇಳಿದರೆ ನಂಬಿ. ಅವರ ಮಾತಿಗೆ ವಿಜ್ಞಾನದ ಬೆಂಬಲವಿದೆ.

ಕೋಲು ಯಾವ ಕೈಯಲ್ಲಿ?

ಬಲಗಾಲು ನೋಯುವವರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಹೆಚ್ಚಿನವರು ‘ಬಲಗೈಯಲ್ಲಿ’ ಎನ್ನುತ್ತಾರೆ. ಸಿನಿಮಾಗಳಲ್ಲೂ ಹಾಗೇ ತೋರಿಸುವುದುಂಟು. ಸರಿಯಾದ ಉತ್ತರ ಎಡಗೈ.

ಕಾರಣ ಸನ್ನೆಗೋಲಿನ ತತ್ವ. ಒಂಟಿ ಕಾಲಿನ ಮೇಲೆ ನಿಂತಾಗ ಸೊಂಟದ ಕೀಲು ಆಧಾರಬಿಂದು. ದೇಹದ ತೂಕ ಒಂದು ಕಡೆ ಕೆಳಕ್ಕೆ ಎಳೆಯುತ್ತದೆ. ಸೊಂಟದ ಹೊರಬದಿಯ ಸ್ನಾಯುಗಳು ಇನ್ನೊಂದು ಕಡೆ ಎಳೆದು ಸಮತೋಲ ಕಾಯುತ್ತವೆ. ಆ ಸ್ನಾಯುಗಳಿರುವುದು ಕೀಲಿಗೆ ತೀರ ಹತ್ತಿರ. ಆದ್ದರಿಂದ ಅವು ದೇಹದ ತೂಕಕ್ಕಿಂತ ಹೆಚ್ಚು ಬಲ ಹಾಕಬೇಕು, ಆ ಒತ್ತಡವೆಲ್ಲ ಕೀಲಿನ ಮೇಲೆ ಬೀಳುತ್ತದೆ. ವಿರುದ್ಧ ಕೈಯಲ್ಲಿ ಹಿಡಿದ ಕೋಲಾದರೋ ಕೀಲಿನಿಂದ ಬಲು ದೂರ. ಏತದ ಉದ್ದನೆಯ ತುದಿಯನ್ನು ಅದುಮಿದಂತೆ, ಅಲ್ಲಿ ಸ್ವಲ್ಪ ಒತ್ತಿದರೂ ಸ್ನಾಯುಗಳ ಹೊರೆ ಬಹಳಷ್ಟು ಇಳಿಯುತ್ತದೆ. ನೋಯುವ ಕಡೆಯೇ ಕೋಲು ಹಿಡಿದರೆ ಈ ಲಾಭವೆಲ್ಲ ಕೈತಪ್ಪುತ್ತದೆ.

ಕೋಲಿನ ಎತ್ತರಕ್ಕೂ ಒಂದು ಅಳತೆಯಿದೆ. ದಿನವೂ ಹಾಕುವ ಚಪ್ಪಲಿ ಹಾಕಿ, ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಆಗ ಅದನ್ನು ಹಿಡಿದರೆ ಮೊಣಕೈ ತುಸುವೇ ಬಾಗುತ್ತದೆ, ಒತ್ತಲು ಬಲ ಸಿಗುತ್ತದೆ. ಕೊಡೆಯನ್ನೇ ಊರುಗೋಲು ಮಾಡಿಕೊಂಡ ಅಜ್ಜಂದಿರನ್ನು ನಮ್ಮ ಊರುಗಳಲ್ಲಿ ಎಷ್ಟೋ ಕಾಣುತ್ತೇವೆ. ಕೊಡೆಯ ತುದಿ ಗ್ರಾನೈಟ್ ಮೆಟ್ಟಿಲಿನ ಮೇಲೆ ಸರ್ರನೆ ಜಾರುತ್ತದೆ. ಊರುಗೋಲಿನ ಬುಡದ ರಬ್ಬರ್ ಬಿರಡೆ ಸವೆದು ನುಣ್ಣಗಾದರೂ ಅದೇ ಅಪಾಯ. ಬಿರಡೆಯ ತಳದಲ್ಲಿ ಗೆರೆಗಳಿವೆಯೇ ಎಂದು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಮನೆಯ ಮಕ್ಕಳು ವಹಿಸಿಕೊಳ್ಳಬಹುದು.

ಗಟ್ಟಿ ಕಾಲು ಮೇಲೆ

ಇನ್ನು ಮೆಟ್ಟಿಲಿನ ಮುಖ್ಯ ಸೂತ್ರ. ಹತ್ತುವಾಗ ಗಟ್ಟಿ ಕಾಲು ಮೊದಲು. ನೋವಿನ ಕಾಲು ಮತ್ತು ಕೋಲು ಅದರ ಹಿಂದೆ. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಗಟ್ಟಿ ಕಾಲು ಅದರ ಹಿಂದೆ. ಒಂದೊಂದು ಮೆಟ್ಟಿಲಿನ ಮೇಲೂ ಎರಡೂ ಪಾದ ಸೇರಿದ ಮೇಲೆ ಮುಂದಿನದು.

ಎರಡು ನಿಯಮ ನೆನಪಿಟ್ಟುಕೊಳ್ಳುವುದು ಕಷ್ಟವೇ? ಒಂದೇ ಸಾಕು: ಮೇಲಿನ ಮೆಟ್ಟಿಲಿನಲ್ಲಿರುವುದು ಯಾವಾಗಲೂ ಗಟ್ಟಿ ಕಾಲು. ಹತ್ತುವಾಗ ದೇಹವನ್ನು ಎತ್ತುವುದೂ ಇಳಿಯುವಾಗ ಬ್ರೇಕ್ ಹಿಡಿಯುವುದೂ ಮೇಲಿರುವ ಕಾಲೇ ಆದ್ದರಿಂದ ಆ ಕೆಲಸ ಬಲವಿದ್ದವನಿಗೆ ಸಲ್ಲಬೇಕು.

ರೇಲಿಂಗ್ ಇದ್ದರೆ ಒಂದು ಕೈ ಅದರ ಮೇಲಿರಲೇಬೇಕು. ಕೋಲು ಹಿಡಿದ ಕಡೆಯೇ ರೇಲಿಂಗ್ ಬಂದರೆ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳಬೇಕು. ಏಕೆಂದರೆ ಗೋಡೆಗೆ ಕೂರಿಸಿದ ಕಂಬಿಯಷ್ಟು ಗಟ್ಟಿ ಆಸರೆ ಯಾವ ಕೋಲೂ ಅಲ್ಲ. ಎರಡು ಕ್ರಚಸ್ ಬಳಸುವವರು ಎರಡನ್ನೂ ಒಂದೇ ಕೈಗೆ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ರೇಲಿಂಗ್ ಹಿಡಿಯುವ ವಿಧಾನವನ್ನು ಫಿಸಿಯೋಥೆರಪಿಸ್ಟರು ಕಲಿಸುತ್ತಾರೆ. ಕಂಕುಳಿನ ಕ್ರಚಸ್ ಆದರೆ ಭಾರ ಬೀಳಬೇಕಾದ್ದು ಅಂಗೈಗೆ, ಕಂಕುಳಿಗಲ್ಲ. ಕಂಕುಳಿಗೆ ಜೋತು ಬಿದ್ದರೆ ಅಲ್ಲಿ ಹಾದುಹೋಗುವ ನರ ಒತ್ತಿ ಕೈ ಜೋಮು ಹಿಡಿಯಬಹುದು, ಬಲಹೀನವೂ ಆಗಬಹುದು. ಬುಡದಲ್ಲಿ ನಾಲ್ಕು ಕಾಲುಗಳಿರುವ ಕೋಲಾದರೆ ನಾಲ್ಕೂ ಕಾಲು ಮೆಟ್ಟಿಲಿನ ಮೇಲೆ ಪೂರ್ತಿ ಕೂರಬೇಕು. ಒಂದು ಕಾಲು ಹೊರಗೆ ಉಳಿದರೂ ಕೋಲು ವಾಲುತ್ತದೆ.

ಮೊಮ್ಮಕ್ಕಳೇ, ಕೇಳಿ

ಅಜ್ಜಿ ಮೆಟ್ಟಿಲು ಹತ್ತುವಾಗ ನೀವೇನು ಮಾಡುತ್ತೀರಿ? ಎರಡು ಮೆಟ್ಟಿಲು ಮುಂದೆ ಹೋಗಿ ಕೈ ಹಿಡಿದು ಎಳೆಯುತ್ತೀರಿ, ಅಲ್ಲವೇ? ಪ್ರೀತಿಯೇನೋ ಸರಿ, ಜಾಗ ಮಾತ್ರ ತಪ್ಪು. ಎಳೆದಾಗ ಅವರ ಸಮತೋಲ ಅವರ ಕೈಯಲ್ಲಿ ಉಳಿಯುವುದಿಲ್ಲ. ಬೀಳುವವರು ಹೆಚ್ಚಾಗಿ ಕೆಳಗಿನ ಕಡೆಗೇ ಬೀಳುತ್ತಾರೆ, ಆದ್ದರಿಂದ ನೆರವಾಗುವವರು ಯಾವಾಗಲೂ ಕೆಳಗಿರಬೇಕು. ಅವರು ಹತ್ತುವಾಗ ಒಂದು ಮೆಟ್ಟಿಲು ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ. ತೋಳು ಎಳೆಯದೆ ಸೊಂಟದ ಬಳಿ ಆಸರೆ ಕೊಡಬೇಕು. ಪುಟ್ಟ ಮಕ್ಕಳು ಈ ಸಾಹಸಕ್ಕೆ ಹೋಗದೆ ದೊಡ್ಡವರನ್ನು ಕರೆಯುವುದೇ ಲೇಸು. ಅವರ ಪಾಲಿನ ಕೆಲಸ ಬೇರೆ ಇದೆ: ಮೆಟ್ಟಿಲಿನ ಮೇಲೆ ಬಿಟ್ಟ ಚಪ್ಪಲಿ, ಚೆಂಡು, ಪೇಪರು ತೆಗೆದಿಡುವುದು, ದೀಪ ಹಾಕುವುದು, ಮತ್ತು ‘ಬೇಗ ಬನ್ನಿ’ ಎಂದು ಅವಸರಿಸದಿರುವುದು.

ಪಾಟ್ನಾದ ಹುಡುಗಿಯ ವಾಕರ್

ಊರುಗೋಲು ಸಾಲದವರಿಗೆ ವಾಕರ್ ಕೊಡುತ್ತಾರೆ. ನೆಲದ ಮೇಲೆ ಇದರಷ್ಟು ಭದ್ರವಾದ ಸಾಧನ ಇನ್ನೊಂದಿಲ್ಲ. ಮೆಟ್ಟಿಲಿನ ಮೇಲೆ ಇದರಷ್ಟು ಅಪಾಯದ್ದೂ ಇಲ್ಲ. ಮೆಟ್ಟಿಲಿನಲ್ಲಿ ಪಾದ ಇಡುವ ಜಾಗ ಸಾಮಾನ್ಯವಾಗಿ ಒಂದಡಿಯ ಒಳಗೆ. ವಾಕರ್‌ನ ಮುಂಗಾಲಿಗೂ ಹಿಂಗಾಲಿಗೂ ನಡುವಿನ ಅಂತರ ಅದಕ್ಕಿಂತ ಹೆಚ್ಚು. ಮುಂದಿನ ಎರಡು ಕಾಲು ಮೇಲಿನ ಮೆಟ್ಟಿಲಿಗೇರಿದರೆ ಇಡೀ ವಾಕರ್ ಹಿಂದಕ್ಕೆ, ಅಂದರೆ ಹಿಡಿದವರ ಮೈಮೇಲೆ ವಾಲುತ್ತದೆ. ಹೀಗಾಗಿ ವಾಕರ್ ಹಿಡಿದವರು ಮನೆಯ ಒಂದೇ ಮಹಡಿಗೆ ಕಟ್ಟುಬೀಳುತ್ತಾರೆ.

ಈ ಕೊರತೆಯನ್ನು ಗಮನಿಸಿದವಳು ಬಿಹಾರದ ಪಾಟ್ನಾದ ಶಾಲಾ ಹುಡುಗಿ ಶಾಲಿನಿ ಕುಮಾರಿ. ಅಪಘಾತದ ನಂತರ ವಾಕರ್ ಹಿಡಿದ ಅಜ್ಜ ಮೆಟ್ಟಿಲ ಬಳಿ ಬಂದು ನಿಂತುಬಿಡುವುದನ್ನು ಆಕೆ ಕಂಡಳು. ಎಲ್ಲರೂ ಅಜ್ಜನ ಕಾಲಿನ ಬಗ್ಗೆ ಯೋಚಿಸಿದರೆ ಆಕೆ ವಾಕರ್‌ನ ಕಾಲಿನ ಬಗ್ಗೆ ಯೋಚಿಸಿದಳು. ಮುಂದಿನ ಕಾಲುಗಳ ಉದ್ದ ಮೆಟ್ಟಿಲಿನ ಎತ್ತರಕ್ಕೆ ತಕ್ಕಂತೆ ಹೊಂದಿಕೊಂಡರೆ ವಾಕರ್ ನೆಟ್ಟಗೇ ನಿಲ್ಲುತ್ತದಲ್ಲ! ಈ ಆಲೋಚನೆಗೆ 2011ರಲ್ಲಿ ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ಮಕ್ಕಳಿಗಾಗಿ ನಡೆಸುವ ‘ಇಗ್ನೈಟ್’ ಸ್ಪರ್ಧೆಯಲ್ಲಿ ಪ್ರಶಸ್ತಿ ಬಂತು. ಸಂಸ್ಥೆಯ ನೆರವಿನಿಂದ ಅದು ಕಾಗದದಿಂದ ಕಬ್ಬಿಣಕ್ಕಿಳಿಯಿತು. ಖಾಸಗಿ ತಯಾರಕರು ಪರವಾನಗಿ ಪಡೆದು ಮಾರುಕಟ್ಟೆಗೂ ತಂದರು. ಇದಕ್ಕೆ ಬೇಕಾದದ್ದು ದೊಡ್ಡ ಪ್ರಯೋಗಾಲಯವಲ್ಲ, ಮನೆಯವರ ಕಷ್ಟವನ್ನು ನಿಂತು ನೋಡುವ ಕಣ್ಣು.

ನಾರ್ವೆಯ ಟ್ರಾಂಡ್‌ಹೈಮ್ ನಗರದಲ್ಲಿ ಎಂಜಿನಿಯರಿಂಗ್ ಕಲಿಯುತ್ತಿದ್ದ ಯುವಜನರದ್ದು ಇನ್ನೊಂದು ದಾರಿ. ಮೆಟ್ಟಿಲಿನ ಪಕ್ಕದ ಗೋಡೆಗೆ ಒಂದು ಹಳಿ. ಅದರ ಮೇಲೆ ಜಾರುವ, ಎದೆಯ ಮುಂದೆ ಅಡ್ಡಕ್ಕೆ ಬರುವ ಹಿಡಿಕೆ. ಮುಂದಕ್ಕೆ ಮೆಲ್ಲಗೆ ತಳ್ಳಿದರೆ ಹಿಡಿಕೆ ಸರಿಯುತ್ತದೆ. ಆಯ ತಪ್ಪಿ ಭಾರ ಹಾಕಿದರೆ ಅಲ್ಲೇ ಬಿಗಿದು ನಿಲ್ಲುತ್ತದೆ. ‘ಅಸಿಸ್ಟೆಪ್’ ಎಂಬ ಹೆಸರಿನಲ್ಲಿ ಬಂದ ಈ ಸಾಧನಕ್ಕೆ ಮೋಟಾರು ಬೇಡ. ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೊಯ್ಯುವ ಯಂತ್ರಗಳಿಗಿಂತ ಇದರ ಗುಣ ಬೇರೆ: ಹತ್ತುವವರು ತಮ್ಮ ಕಾಲಿನಿಂದಲೇ ಹತ್ತುತ್ತಾರೆ, ಕಾಲಿನ ಶಕ್ತಿ ಉಳಿಯುತ್ತದೆ.

ಇನ್ನೂ ಸರಳವಾದದ್ದು ಅರ್ಧ ಮೆಟ್ಟಿಲಿನ ಕೋಲು. ಬುಡದಲ್ಲಿ ಪುಟ್ಟ ಹಲಗೆಯಿರುವ ಈ ಕೋಲನ್ನು ಮೆಟ್ಟಿಲ ಬಳಿ ಊರಿ, ಮೊದಲು ಹಲಗೆಯ ಮೇಲೆ, ಅಲ್ಲಿಂದ ಮೆಟ್ಟಿಲಿಗೆ ಕಾಲಿಡುತ್ತಾರೆ. ಒಟ್ಟು ಕೆಲಸ ಅಷ್ಟೇ. ಆದರೆ 100 ಜೂಲ್‌ನ ಒಂದು ಕಂತು 50ರ ಎರಡು ಕಂತಾಗುತ್ತದೆ, ಮಂಡಿ ಅಷ್ಟು ಬಾಗಬೇಕಿಲ್ಲ. ದೊಡ್ಡ ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ!

ಕಟ್ಟುವಾಗಲೇ ಯೋಚಿಸಿ

ಎಂಥ ಸಾಧನವಿದ್ದರೂ ಮೆಟ್ಟಿಲೇ ಸರಿಯಿಲ್ಲದಿದ್ದರೆ ಏನು ಫಲ? ಜಾಗ ಉಳಿಸಲೆಂದು ಕಡಿದಾಗಿ ಕಟ್ಟಿದ ಮೆಟ್ಟಿಲು, ಒಂದು ಕಡೆಯೂ ರೇಲಿಂಗ್ ಇಲ್ಲದ ಹೊರಗಿನ ಮೆಟ್ಟಿಲು ನಮ್ಮ ಊರುಗಳಲ್ಲಿ ಸಾಮಾನ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲು 190 ಮಿ.ಮೀ.ಗಿಂತ ಎತ್ತರ ಇರಬಾರದು, ಪಾದ ಇಡುವ ಜಾಗ 250 ಮಿ.ಮೀ.ಗಿಂತ ಕಡಿಮೆಯಾಗಬಾರದು. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರುವುದು ಇನ್ನೂ ಮುಖ್ಯ. ಕಾಲು ಮೊದಲೆರಡು ಮೆಟ್ಟಿಲಲ್ಲಿ ಅಳತೆ ಕಲಿತು ಉಳಿದುದನ್ನು ಕಣ್ಣಿಲ್ಲದೆ ಹತ್ತುತ್ತದೆ; ನಡುವೆ ಒಂದು ಮೆಟ್ಟಿಲು ಅರ್ಧ ಇಂಚು ಹೆಚ್ಚಾದರೂ ಎಡವುತ್ತದೆ.

ರೇಲಿಂಗ್ ಎರಡೂ ಬದಿಗಿದ್ದರೆ ಒಳ್ಳೆಯದು. ಎಡಗೈ ಬಲಹೀನವಾದವರು ಹತ್ತುವಾಗ ಹಿಡಿದ ಬಲಬದಿಯ ಕಂಬಿ ಇಳಿಯುವಾಗ ಎಡಕ್ಕೆ ಬಂದಿರುತ್ತದೆ. ಎತ್ತರ ಸುಮಾರು ಮೂರಡಿ, ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪ, ಮೊದಲ ಮತ್ತು ಕೊನೆಯ ಮೆಟ್ಟಿಲಿನಿಂದ ಒಂದಡಿ ಆಚೆಗೂ ಚಾಚಿರಬೇಕು. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿದರೆ ಕಣ್ಣು ಮಂಜಾದವರಿಗೂ ಅನುಕೂಲ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಪಾಚಿಯನ್ನು ಆಗಾಗ ಉಜ್ಜಿ ತೆಗೆಯುತ್ತಿರಬೇಕು.

ಶಾಲೆಯ ಮಾತು

ಮೆಟ್ಟಿಲು ಮುದುಕರ ಸಮಸ್ಯೆ ಮಾತ್ರವಲ್ಲ. ಕ್ಯಾಲಿಪರ್ ಹಾಕಿದ ಮಗುವಿಗೆ ಎರಡನೆಯ ಮಹಡಿಯ ತರಗತಿ ದಿನದಿನದ ಬೆಟ್ಟ. ನೀರು ಕುಡಿದರೆ ಕೆಳಗಿನ ಶೌಚಾಲಯಕ್ಕೆ ಇಳಿಯಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಕೂರುವ ಸ್ಥಿತಿ ಯಾವ ಮಗುವಿಗೂ ಬರಬಾರದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಸರ್ಕಾರ ನಡೆಸುವ, ಅನುದಾನ ಅಥವಾ ಮಾನ್ಯತೆ ನೀಡಿದ ಶಿಕ್ಷಣ ಸಂಸ್ಥೆಗಳು ಕಟ್ಟಡವನ್ನೂ ಆವರಣವನ್ನೂ ಈ ಮಕ್ಕಳ ಬಳಕೆಗೆ ಒದಗುವಂತೆ ಮಾಡಬೇಕೆನ್ನುತ್ತದೆ. ಲಿಫ್ಟಿಗೆ ಹಣವಿಲ್ಲದಿದ್ದರೂ ಇಡೀ ತರಗತಿಯನ್ನೇ ನೆಲಮಹಡಿಗೆ ಇಳಿಸಲು ಹಣ ಬೇಡ. ಪೋಷಕರ ಸಭೆಯಲ್ಲಿ ಇದನ್ನು ಕೇಳಬೇಕಾದವರು ಆ ಮಗುವಿನ ತಂದೆತಾಯಿ ಮಾತ್ರವೇ? ಸಹಪಾಠಿಗಳ ತಂದೆತಾಯಿಯೂ ಕೇಳಬಹುದು.

ಸಾಧನ ಕೊಳ್ಳಲಾಗದವರಿಗೆ ನೆರವಿದೆ. ಅಂಗವಿಕಲರಿಗೆ ಕೇಂದ್ರದ ‘ಅಡಿಪ್’ ಯೋಜನೆ, ಅರವತ್ತು ದಾಟಿದ ಬಡ ಹಿರಿಯರಿಗೆ 2017ರಲ್ಲಿ ಆರಂಭವಾದ ‘ರಾಷ್ಟ್ರೀಯ ವಯೋಶ್ರೀ’ ಯೋಜನೆಗಳಲ್ಲಿ ಊರುಗೋಲು, ಕ್ರಚಸ್, ವಾಕರ್‌ಗಳನ್ನು ಶಿಬಿರಗಳ ಮೂಲಕ ಕೊಡುತ್ತಾರೆ. ಆದರೆ ಸಿಕ್ಕಿದ್ದನ್ನು ಹಾಗೇ ಬಳಸದೆ ಫಿಸಿಯೋಥೆರಪಿಸ್ಟರಿಗೆ ತೋರಿಸಿ, ಅಳತೆ ಸರಿಮಾಡಿಸಿಕೊಂಡು, ಮೆಟ್ಟಿಲಿನ ಅಭ್ಯಾಸವನ್ನು ಅವರ ಎದುರಿಗೇ ಕಲಿಯಬೇಕು. ಶಸ್ತ್ರಚಿಕಿತ್ಸೆ ಆದವರಂತೂ ವೈದ್ಯರು ಒಪ್ಪುವ ತನಕ ಮೆಟ್ಟಿಲಿನ ತಂಟೆಗೆ ಹೋಗಬಾರದು.

ಕೊನೆಯದಾಗಿ ಒಂದು ಮಾತು. ಬಹಳ ಮನೆಗಳಲ್ಲಿ ಊರುಗೋಲು ಬಾಗಿಲ ಹಿಂದೆ ಧೂಳು ತಿನ್ನುತ್ತಿರುತ್ತದೆ. ‘ನನಗೇನು ಅಷ್ಟು ವಯಸ್ಸಾಯಿತೇ?’ ಎಂಬ ಸಂಕೋಚ. ಕನ್ನಡಕ ಹಾಕಲು ನಾಚದವರು ಕೋಲು ಹಿಡಿಯಲು ಏಕೆ ನಾಚಬೇಕು? ಕೋಲು ಹಿಡಿದವರನ್ನು ಕಂಡು ನಗುವವರು, ಅಯ್ಯೋ ಎನ್ನುವವರು ಸುಮ್ಮನಾದರೆ ಅರ್ಧ ನಾಚಿಕೆ ತಾನೇ ಹೋಗುತ್ತದೆ. ಇನ್ನರ್ಧಕ್ಕೆ ಮನೆಯವರ ಒಂದು ಮಾತು ಸಾಕು: ‘ನಿಧಾನವಾಗಿ ಬನ್ನಿ, ನಾವು ಕಾಯುತ್ತೇವೆ.’